ಎದುರುಮನೆಯ ಒಲೆ

ಚೆನ್ನೈನ ಪೋರೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯ ಮಾಮಾ ಏನೇ ಜಗಳ ಕಂಡರೂ ಬೆರಳೆತ್ತಿ, "ಅದು ಯಾರದ್ದು?" ಎಂದು ಕೇಳುತ್ತಿದ್ದರು. ಈರುಳ್ಳಿಯನ್ನೂ ಮುಟ್ಟದ ವೈಷ್ಣವರು. ಕಾಲೇಜಿನ ಮೊದಲ ವಾರ ಅಲ್ಲಿ ಕೇಳಿದ ಹೊಸ ಪದ ಹಿಡಿದು ನಾನು, "ಲಿಬರ್ಟೇರಿಯನ್ ಅಂದ್ರೇನು ಮಾಮಾ?" ಎಂದೆ.

"ಯಾರ ಮೇಲೂ ಬಲವಂತ ಬೇಡ ಅನ್ನೋದಮ್ಮಾ. ಸಂಜೆ ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗಿಗೆ ಬಾ, ತಿಳಿಯತ್ತೆ."

ಅಂದು ಯಾರೂ ಕರುವಾಡು, ಅಂದರೆ ಒಣಮೀನು, ಹುರಿಯಕೂಡದೆಂಬ ಠರಾವು ಬಂದಿತ್ತು. ಹುರಿಯುತ್ತಿದ್ದವರು ಮಾಮಾರ ಎದುರುಮನೆಯವರು. ಆ ಮನೆಯ ಅಕ್ಕನನ್ನು ಬಿಟ್ಟು ಉಳಿದವರೆಲ್ಲ ಕೈ ಎತ್ತಿದರು, ಮಾಮಾ ಮಾತ್ರ ಎತ್ತಲಿಲ್ಲ.

"ನಿಮಗೋಸ್ಕರಾನೇ ಸಾರ್ ಈ ಠರಾವು," ಎಂದರು ಸೆಕ್ರೆಟರಿ.

"ಇಷ್ಟೂ ಜನ ಕೈ ಎತ್ತಿ ನಿಮ್ಮ ಮೀಸೆ ತೆಗೀರಿ ಅಂದ್ರೆ ತೆಗೀತೀರಾ? ಮೀಸೆ ಯಾರದ್ದು? ಒಲೆ ಯಾರದ್ದು?"

ಸೆಕ್ರೆಟರಿಯ ಎತ್ತಿದ್ದ ಕೈ ಮೀಸೆಗೆ ಇಳಿಯಿತು. ಹಿಂದೆಯೇ ಒಂದೊಂದಾಗಿ ಉಳಿದ ಕೈಗಳೂ ಇಳಿದವು.

ಮೀಟಿಂಗ್ ಮುಗಿದ ಮೇಲೆ ಮಾಮಾ ಎದುರುಮನೆಯ ಅಕ್ಕನನ್ನು ಕೇಳಿದರು: "ಹುರಿಯೋಕೆ ಮುಂಚೆ ಒಂದು ಫೋನ್ ಮಾಡ್ತೀರಾ? ಆಗಲ್ಲ ಅಂದ್ರೂ ಪರವಾಗಿಲ್ಲ."

ಭಾನುವಾರ ನಾನು ಮಾಮಾರ ಮನೆಯಲ್ಲಿದ್ದಾಗ ಆ ಫೋನ್ ಬಂತು. ಮಾಮಾ ಓಡಿದರು, ದಡಾರನೆ ಕಿಟಕಿ ಮುಚ್ಚಿದರು, ಪಂಚೆಯ ತುದಿಯಿಂದ ಮೂಗು ಹಿಡಿದುಕೊಂಡೇ ನನ್ನತ್ತ ಬೆರಳೆತ್ತಿದರು.

"ಕಿಟಕಿ ಯಾರದ್ದು?"