ನಂಜುಂಡನ ಬೆಲ್ಟಿನ ಮೂರನೇ ತೂತು

ಪಾಳ್ಯ ಹೋಬಳಿಯ ಲೈನ್‌ಮ್ಯಾನ್ ನಂಜುಂಡನ ಹೊಟ್ಟೆ ಅವನೊಬ್ಬನ ಸಂಪಾದನೆಯಲ್ಲ. ಅದರಲ್ಲಿ ಇಡೀ ಹೋಬಳಿಯ ಪಾಲಿತ್ತು. ಕೆಲಸಕ್ಕೆ ಸೇರಿದಾಗ ಐವತ್ತೆರಡು ಕೆ.ಜಿ. ಇದ್ದ ಆಸಾಮಿ, ಗಾಳಿ ಜೋರಾದರೆ ಕಂಬವನ್ನೇ ತಬ್ಬಿಕೊಂಡು ನಿಲ್ಲುತ್ತಿದ್ದ. ಆಮೇಲೆ ಹದಿನೆಂಟು ವರ್ಷ ಊರಿನವರು ಅವನನ್ನು ತುಂಬಿದರು. ಮರ ಬಿದ್ದು ತಂತಿ ಹರಿದು ಮೂರು ದಿನ ಕತ್ತಲಲ್ಲಿ ಕೂತವರಿಗೆ, ಹೆಗಲ ಮೇಲೆ ಏಣಿ ಹೊತ್ತು ಬರುವ ನಂಜುಂಡ ನೆಂಟನಿಗಿಂತ ಹೆಚ್ಚು. ಬಂದವರಿಗೆ ಕಾಫಿ ಕೊಡದೆ ಕಳಿಸುವ ಮನೆ ಆ ಸೀಮೆಯಲ್ಲೇ ಇಲ್ಲ. ಇನ್ನು ಕರೆಂಟು ಕೊಟ್ಟವನಿಗೆ ಬರೀ ಕಾಫಿ ಸಾಕೇ? ಬೆಳಿಗ್ಗೆಯಾದರೆ ಅಕ್ಕಿ ರೊಟ್ಟಿ, ಎಣ್ಣೆಗಾಯಿ. ಮಧ್ಯಾಹ್ನವಾದರೆ ಕಡುಬು, ಕೋಳಿಸಾರು. ಮುಂದಿನ ಸಲವೂ ನಮ್ಮ ಲೈನನ್ನೇ ಮೊದಲು ನೋಡಲಿ ಎಂಬ ಆಸೆಯೂ ಆ ಸಾರಿನಲ್ಲಿ ಒಂದು ಸೌಟು ಬೆರೆತಿರುತ್ತಿತ್ತು ಅನ್ನಿ.

ತೊಂಬತ್ತೇಳರ ಜೂನಿನಲ್ಲಿ ಸೆಕ್ಷನ್ ಆಫೀಸರ್ ಮೃತ್ಯುಂಜಯ ಸಾಹೇಬರು ಮಗ್ಗೆ ಕಡೆಗೆ ಲೈನು ನೋಡಲು ಬಂದರು. ನಂಜುಂಡ ಕಂಬದ ತುದಿಯಲ್ಲಿದ್ದ. ಸೊಂಟದ ಚರ್ಮದ ಬೆಲ್ಟಿನ ಬಕಲು ಸೇರುತ್ತಿರಲಿಲ್ಲ. ಎರಡು ತುದಿಯ ನಡುವೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು ಅಲ್ಲಿಗೆ ಹಗ್ಗ ಕಟ್ಟಿಕೊಂಡಿದ್ದ. ಸಾಹೇಬರು ಅವನು ಇಳಿಯುವ ತನಕ ಕಾದರು. ಇಳಿದ ಮೇಲೆ ಬೆಲ್ಟು ಬಿಚ್ಚಿಸಿ ನೋಡಿದರು. ಮೊದಲ ಎರಡು ತೂತು ಎಳೆದೆಳೆದು ಹರಿದಿದ್ದವು.

"ಇನ್ನು ಕಂಬ ಹತ್ತಬೇಡ ನಂಜುಂಡ. ಬಿಲ್ ಕೌಂಟರಿಗೆ ಬಾ. ಫ್ಯಾನ್ ಇದೆ, ಕುರ್ಚಿ ಇದೆ."

"ಹೊಸಾ ಬೆಲ್ಟ್ ತರ್ಸಿ ಸಾರ್, ದೊಡ್ಡದು."

"ಬೆಲ್ಟ್ ತರಿಸಬಹುದಪ್ಪ. ಏಣಿಯ ಮೆಟ್ಟಿಲು ಮುರಿದರೆ ನಿನ್ನ ಹೆಂಡತಿಗೆ ಏನು ಹೇಳಲಿ?"

ನಂಜುಂಡನಿಗೆ ಅವಮಾನವಾಯಿತು. ಕೌಂಟರಿನ ಕೆಲಸ ಕೀಳೆಂದಲ್ಲ. ಆದರೆ ಆ ಹೋಬಳಿಯ ಯಾವ ಕಂಬ ಎಷ್ಟು ವಾಲಿದೆ, ಯಾವ ತೋಟದ ಸಿಲ್ವರ್ ಓಕ್ ಈ ವರ್ಷ ತಂತಿಗೆ ತಾಗುತ್ತದೆ ಎಂಬುದು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. ಅದನ್ನೆಲ್ಲ ಬಿಟ್ಟು ಜಾಲರಿಯ ಹಿಂದೆ ಕೂರುವುದೆಂದರೆ ಅವನ ಪಾಲಿಗೆ ಮೂಲೆ ಸೇರಿದ ಹಾಗೆ. ಒಂದು ವರ್ಷ ಟೈಮು ಕೊಡಿ ಎಂದು ಹಟ ಹಿಡಿದ. ಸಾಹೇಬರು ಒಳ್ಳೆಯವರೇ. ಮುಂದಿನ ಮಳೆಗಾಲದೊಳಗೆ ಬಕಲು ಗಟ್ಟಿಯಾಗಿರುವ ಮೂರನೇ ತೂತಿಗೆ ಬರಬೇಕು, ಅಲ್ಲಿಯತನಕ ಹತ್ತುವ ಕೆಲಸ ಇನ್ನೊಬ್ಬ ಲೈನ್‌ಮ್ಯಾನ್ ಅಣ್ಣಯ್ಯನದು, ನಂಜುಂಡ ಕೆಳಗಿನ ಕೆಲಸ ನೋಡಿಕೊಳ್ಳಬೇಕು ಎಂದರು.

ಮರುದಿನವೇ ಬಾಳ್ಳುಪೇಟೆಯ ಕಾಫಿ ವ್ಯಾಪಾರಿ ರುದ್ರಯ್ಯನವರ ಅಂಗಡಿಗೆ ಹೋಗಿ, ಮೂಟೆ ತೂಗುವ ಯಂತ್ರದ ಮೇಲೆ ನಿಂತ. ತೊಂಬತ್ತಾರು ಕೆ.ಜಿ.

"ಕಾಫಿ ಮೂಟೆಗೆ ಕಳೆಯಂಗೆ ತೇವಕ್ಕೆ ಅಂತ ಒಂದ್ ಕೆ.ಜಿ. ಕಳೀಲೇನೋ?" ಎಂದು ರುದ್ರಯ್ಯ ನಕ್ಕರು.

"ಒಂದು ಗ್ರಾಮೂ ಕಳೀಬ್ಯಾಡಿ, ಇರಾದ್ ಇದ್ದಂಗೇ ಹೇಳಿ" ಎಂದ ನಂಜುಂಡ.

ಮನೆಯಲ್ಲಿ ಎರಡು ಮುದ್ದೆ ಇದ್ದದ್ದು ಒಂದಾಯಿತು. ಅನ್ನ ನಿಂತಿತು. ಸೈಕಲ್ಲು ಬಿಟ್ಟು ಕಂಬದ ಸಾಲು ಹಿಡಿದು ನಡೆಯತೊಡಗಿದ. ಮೊದಲ ತಿಂಗಳು ಎರಡು ಕೆ.ಜಿ. ಇಳಿಯಿತು. ಮೀಸೆ ತಿರುವಿಕೊಂಡು ಬಂದ. ಎರಡನೇ ತಿಂಗಳು ಇಳಿದದ್ದು ಸೊನ್ನೆ. ಮೂರನೆಯದೂ ಸೊನ್ನೆ. ಯಂತ್ರವೇ ಸರಿಯಿಲ್ಲವೆಂದು ರುದ್ರಯ್ಯನವರ ಮೇಲೆ ರೇಗಿದ. ಅವರು ಐವತ್ತು ಕೆ.ಜಿ.ಯ ಮೂಟೆ ಇಟ್ಟು ತೋರಿಸಿದರು. ಮುಳ್ಳು ಐವತ್ತಕ್ಕೇ ನಿಂತಿತು. ಯಂತ್ರದ ಮರ್ಯಾದೆ ಉಳಿಯಿತು, ನಂಜುಂಡನದು ಹೋಯಿತು.

ಮನೆಗೆ ಬಂದು ತಟ್ಟೆ ತಳ್ಳಿದ. "ಒಂದ್ ಮುದ್ದೇಲಿ ಜೀವ ಹಿಡ್ಕಂಡಿವ್ನಿ, ಅರ್ಧ ಕೆ.ಜಿ.ನೂ ಇಳೀವಲ್ದು. ಸಾಕು ಬುಡು."

ಹೆಂಡತಿ ಗಂಗಾಮಣಿ ತಟ್ಟೆಯನ್ನು ಅವನ ಮುಂದಕ್ಕೇ ಎಳೆದಿಟ್ಟಳು. "ಇವತ್ತು ಎಲ್ಲೆಲ್ಲಿಗೆ ಹೋಗಿದ್ರಿ? ಹೇಳಿ."

ಹೇಳಿದ. ಏಳು ಮನೆ, ಒಂದು ಎಸ್ಟೇಟ್ ಆಫೀಸು. ಎಂಟು ಲೋಟ ಬೆಲ್ಲದ ಕಾಫಿ. ಎರಡು ಕಡೆ ರೊಟ್ಟಿ. ಒಂದು ಕಡೆ ಹೆಸರುಬೇಳೆ ಪಾಯಸ, ಅವರ ಮೊಮ್ಮಗುವಿನ ನಾಮಕರಣ.

"ಅದೂನೂ ತಿಂದಂಗಾ? ಮರ್ಯಾದೆಗೆ ಕೊಟ್ಟಿದ್ದು ಕಣೇ ಅದು."

"ಮರ್ಯಾದೆಗೆ ತಿಂದಿದ್ದು ಮೈಗ್ ಹತ್ತಲ್ವಾ?"

ನಂಜುಂಡ ಮುದ್ದೆ ಮುರಿದ. ನಗಬೇಡಿ, ಆ ಕಡೆಯವರಲ್ಲಿ ಯಾರನ್ನು ಕೇಳಿದರೂ ನಂಜುಂಡನ ಹಾಗೇ ಹೇಳುತ್ತಾರೆ. ಊಟವೆಂದರೆ ಮನೆಯಲ್ಲಿ ತಟ್ಟೆಯ ಮುಂದೆ ಕೂತು ಮಾಡಿದ್ದು. ಮಂದಿಯ ಮನೆಯ ಜಗುಲಿಯಲ್ಲಿ ಬಾಯಿಗೆ ಬಿದ್ದದ್ದು ಲೆಕ್ಕಕ್ಕಿಲ್ಲ. ಮೂರು ತಿಂಗಳು ಅವನು ತನ್ನನ್ನು ಉಪವಾಸ ಕೆಡವಿದ್ದೇನೋ ನಿಜ, ಊರು ಮಾತ್ರ ಅವನನ್ನು ಉಪವಾಸ ಕೆಡವಿರಲಿಲ್ಲ.

ಮರುದಿನ ಮಗ್ಗೆ ಕಡೆಯ ತೋಟದ ರಾಜಲಕ್ಷ್ಮಮ್ಮನವರ ಮನೆಯ ಫ್ಯೂಸು ಹಾಕಿ, ಕೈ ತೊಳೆದು ಹೊರಟುನಿಂತ. ರೊಟ್ಟಿಯ ತಟ್ಟೆ ಹಿಡಿದು ಅವರು ಓಡಿ ಬಂದರು.

"ಬ್ಯಾಡ ಅಮ್ಮಾರೆ."

"ಕಾಫಿನಾದ್ರೂ ಕುಡಿಯೋ."

"ಬ್ಯಾಡ."

"ನಮ್ಮನೆ ನೀರು ಮುಟ್ಟಂಗಿಲ್ವೇನಪ್ಪಾ? ಏನ್ ತಪ್ಪು ಮಾಡಿದ್ವಿ ಹೇಳ್ಬುಡು."

ನಲವತ್ತು ದಾಟಿದ ಗಂಡಸು ಸಣ್ಣಗಾಗಲು ಊಟ ಬಿಟ್ಟಿದ್ದೇನೆಂದು ಹೇಳಿಕೊಳ್ಳುವುದು ಹೇಗೆ? ಸಂತೆಯಲ್ಲಿ ಜನ ಬಿದ್ದು ಬಿದ್ದು ನಗುತ್ತಾರೆ. ಏನೂ ಹೇಳದೆ ನಡೆದುಬಿಟ್ಟ. ಎಲ್ಲ ಮನೆಯಲ್ಲೂ ಹಾಗೇ ಮಾಡಿದ. ಅದೇ ವಾರ ಗಾಳಿ ಬೀಸಿ ಆರು ಕಡೆ ತಂತಿ ಹರಿಯಿತು. ರಾಜಲಕ್ಷ್ಮಮ್ಮನವರ ಲೈನು ಸರಿಯಾಗಲು ಐದು ದಿನ ಹಿಡಿಯಿತು. ಅಷ್ಟೇ ಸಾಕಾಯಿತು. ನಂಜುಂಡನಿಗೆ ಈಗ ರೊಟ್ಟಿ ರುಚಿಸುವುದಿಲ್ಲವಂತೆ, ನೋಟೇ ಬೇಕಂತೆ ಎಂಬ ಸುದ್ದಿ ಮಗ್ಗೆಯಿಂದ ಬಾಳ್ಳುಪೇಟೆಯವರೆಗೂ ಹಬ್ಬಿತು. ರಾಜಲಕ್ಷ್ಮಮ್ಮ ಮತ್ತು ಹನ್ನೊಂದು ಜನ ಸಹಿ ಮಾಡಿದ ಅರ್ಜಿ ಸಾಹೇಬರ ಮೇಜಿಗೆ ಬಂತು.

ಸಾಹೇಬರು ಅರ್ಜಿ ಓದಿ ಹೇಳಿದಾಗ ನಂಜುಂಡನ ಮೈಯೆಲ್ಲ ಉರಿಯಿತು. ಹದಿನೆಂಟು ವರ್ಷದಲ್ಲಿ ಒಂದು ಬೀಡಿ ಕೇಳಿದವನಲ್ಲ. ನೆಟ್ಟಗೆ ರಾಜಲಕ್ಷ್ಮಮ್ಮನವರ ಅಂಗಳಕ್ಕೆ ಹೋದ. ತೋಟದ ಆಳುಗಳು ಸಾಲಾಗಿ ನಿಂತಿದ್ದರು. ನಾಚಿಕೆಯನ್ನು ಅವತ್ತು ಗೇಟಿನ ಹೊರಗೇ ಬಿಟ್ಟು ಬಂದಿದ್ದ. ಬೆಲ್ಟನ್ನು ಸೊಂಟಕ್ಕೆ ಹಿಡಿದು ತೋರಿಸಿದ.

"ನೋಡಿ ಅಮ್ಮಾರೆ, ಮೂರು ಬೆರಳು ಕಮ್ಮಿ ಐತೆ. ಇದು ಮೂರನೇ ತೂತಿಗ್ ಬರ್ಬೇಕು, ಬರ್ನಿಲ್ಲ ಅಂದ್ರೆ ನನ್ನ ಕೆಲಸಾನೇ ಹೋಯ್ತದೆ. ನಿಮ್ ರೊಟ್ಟಿ ತಿಂದ್ರೆ ನಿಮ್ ಕಂಬ ಹತ್ತಕ್ಕಾಗಕಿಲ್ಲ. ಯಾವ್ದ್ ಬೇಕು ನೀವೇ ಹೇಳಿ. ಕಾಸ್ ಕೇಳ್ದೆ ಅಂದ್ರಲ್ಲ, ಯಾವತ್ ಕೇಳ್ದೆ? ಇಲ್ಲೇ ಹೇಳಿ, ಎಲ್ಲಾರ್ ಮುಂದೆ."

ಆಳುಗಳಲ್ಲಿ ಯಾರೋ ಕಿಸಕ್ಕೆಂದರು. ರಾಜಲಕ್ಷ್ಮಮ್ಮ ಅವರ ಕಡೆ ತಿರುಗಿ ಒಂದು ನೋಟ ಬೀರಿದರು. ಆಮೇಲೆ ಮೆತ್ತಗೆ, "ಇದನ್ನ ಅವತ್ತೇ ಹೇಳಿದ್ರೆ ನಾನ್ಯಾಕ್ ಬರೀತಿದ್ದೆ ಮಾರಾಯ" ಎಂದರು. ಆದರೂ ಬಂದವನನ್ನು ಹಾಗೇ ಕಳಿಸಲು ಅವರಿಗೆ ಮನಸ್ಸು ಬರಲಿಲ್ಲ. ಒಳಗೆ ಹೋಗಿ ಒಂದು ಲೋಟ ನೀರುಮಜ್ಜಿಗೆ ತಂದರು. ಅಷ್ಟಕ್ಕೆ ಬೇಡ ಎನ್ನಲು ಅವನಿಗೂ ಮನಸ್ಸು ಬರಲಿಲ್ಲ. ಅರ್ಜಿಯನ್ನು ವಾಪಸು ಪಡೆದರು. ಗುಟ್ಟು ಬಯಲಾಗಿತ್ತು, ನಗುವವರು ನಕ್ಕರು. ನಗಲಿ ಎಂದ.

ಅಲ್ಲಿಂದ ಮುಂದೆ ತೂಕ ಇಳಿಯಿತು, ಆದರೆ ಅದಕ್ಕೆ ಅವಸರವೇನೂ ಇರಲಿಲ್ಲ. ಒಂದು ತಿಂಗಳು ಒಂದೂವರೆ ಕೆ.ಜಿ., ಇನ್ನೊಂದು ತಿಂಗಳು ಒಂದು. ಸಂಕ್ರಾಂತಿಯ ತಿಂಗಳು ಅರ್ಧ ಕೆ.ಜಿ. ಏರಿಯೇಬಿಟ್ಟಿತು. ಅವತ್ತು ಸಿಟ್ಟಿನಲ್ಲಿ ಬಾಳ್ಳುಪೇಟೆಯ ಹೋಟೆಲಿಗೆ ನುಗ್ಗಿ ಆರು ಬೋಂಡ ತಿಂದ. ಏಳನೆಯದನ್ನೂ ತರಿಸಿದ, ತಿನ್ನಲಾಗಲಿಲ್ಲ. ಬೆಳಿಗ್ಗೆ ಎದ್ದು ಏನೂ ಆಗದವನಂತೆ ಕಂಬದ ಸಾಲು ಹಿಡಿದು ನಡೆದ.

ತೊಂಬತ್ತೆಂಟರ ಮೇ ಕೊನೆಗೆ ಎಂಬತ್ತಾರು ಕೆ.ಜಿ. ಬಕಲು ಹರಿದಿದ್ದ ಎರಡನೇ ತೂತಿಗೆ ಬಂದು ನಿಂತಿತ್ತು. ಉಸಿರು ಬಿಗಿಹಿಡಿದರೆ ಮೂರನೆಯದಕ್ಕೂ ಬರುತ್ತಿತ್ತು; ಆದರೆ ಕಂಬದ ಮೇಲೆ ಉಸಿರಾಡಬೇಕಲ್ಲ! ಸಾಹೇಬರು ಬೇಜಾರಿನಿಂದಲೇ ಕೌಂಟರಿನ ಆರ್ಡರು ಕೊಟ್ಟರು. ನಂಜುಂಡ ಮನೆಗೆ ಬಂದು ಗಂಗಾಮಣಿಯ ಮುಂದೆ ಅತ್ತ. ಒಂದು ವರ್ಷ ನಾಲಿಗೆ ಕಟ್ಟಿದ್ದೆಲ್ಲ ಒಂದು ಬೆರಳಿನ ಅಗಲದಲ್ಲಿ ನೀರಿಗೆ ಹೋಯಿತು.

"ತುಂಬಕ್ಕೆ ಹದಿನೆಂಟು ವರ್ಷ ಆಗೈತೆ, ಒಂದೇ ವರ್ಷಕ್ಕೆ ಇಳೀ ಅಂದ್ರೆ ಇಳೀತದಾ?" ಎಂದಳು ಅವಳು. "ನಾಳೀಕೂ ಒಂದೇ ಮುದ್ದೆ ಮಾಡ್ತೀನಿ. ತಿಂದ್ರೆ ತಿನ್ನಿ."

ತಿಂದ. ಕೌಂಟರಿಗೂ ಹೋದ. ಆದರೆ ಕುರ್ಚಿಯ ಮೇಲೆ ಕೂರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ರಸೀದಿ ಹರಿದ. ಬಿಲ್ಲು ಕಟ್ಟಲು ಬಂದವರು, "ಕೂತ್ಕಳ್ಳಿ ನಂಜುಂಡಣ್ಣ, ಕಾಲ್ ನೋಯಲ್ವಾ?" ಎಂದು ಕೆಣಕುತ್ತಿದ್ದರು. ನೋಯುತ್ತಿತ್ತು. ಮೊದಲ ತಿಂಗಳು ರಾತ್ರಿ ಗಂಗಾಮಣಿ ಕಾಲಿಗೆ ಎಣ್ಣೆ ತಿಕ್ಕಬೇಕಾಯಿತು. "ಆ ಕುರ್ಚಿ ನನ್ನದಲ್ಲ ಕಣ್ರೀ" ಎನ್ನುತ್ತಿದ್ದ, ಅಷ್ಟೆ. ಅವನ ಬ್ಯಾಗು ಆ ಕುರ್ಚಿಯ ಮೇಲೆ ಐದು ತಿಂಗಳು ಆರಾಮವಾಗಿ ಕೂತಿತ್ತು.

ದೀಪಾವಳಿ ಕಳೆದ ವಾರ ರುದ್ರಯ್ಯನವರ ಯಂತ್ರ ಎಂಬತ್ತಮೂರು ತೋರಿಸಿತು. ಆ ದಿನವೇ ನಂಜುಂಡ ಬೆಲ್ಟು ಕಟ್ಟಿಕೊಂಡು ಸಾಹೇಬರ ಮುಂದೆ ನಿಂತ.

"ಅವಧಿ ಮುಗಿದು ಐದು ತಿಂಗಳಾಯ್ತಲ್ಲಪ್ಪ" ಎಂದರು ಅವರು.

"ಅವಧಿ ನಿಮ್ ಕಾಗದಕ್ಕೆ ಮುಗೀತು ಸಾರ್. ನನ್ ಹೊಟ್ಟೆಗೆ ಯಾರೂ ಹೇಳಿರ್ನಿಲ್ಲ."

ಸಾಹೇಬರು ನಗು ತಡೆದುಕೊಂಡು ಎದ್ದುಬಂದರು. ಬಕಲು ಮೂರನೇ ತೂತಿನಲ್ಲಿತ್ತು. ಹತ್ತು ಸಲ ದೀರ್ಘವಾಗಿ ಉಸಿರೆಳೆಯಲು ಹೇಳಿದರು. ಎಳೆದ. ಬಗ್ಗು ಎಂದರು. ಬಗ್ಗಿದ. ಚರ್ಮದ ಕೆಳಗೆ ಎರಡು ಬೆರಳು ತೂರಿಸಿ ನೋಡಿದರು, ತೂರಿದವು. ಆರ್ಡರನ್ನು ರದ್ದು ಮಾಡಿ ಬರೆದು ಕೊಟ್ಟರು. ಆಫೀಸಿನ ಹಿಂದಿನ ಕಂಬದ ಲೈನು ಆಫ್ ಮಾಡಿಸಿ, ಅಣ್ಣಯ್ಯನಿಗೆ ಏಣಿ ತರಲು ಹೇಳಿದರು.

"ಅಂತೂ ಗೆದ್ದೆ ಬಿಡು. ಇನ್ನು ಹೊಟ್ಟೆ ತುಂಬ ಊಟ ಮಾಡು ಮಾರಾಯ" ಎಂದು ಬೆನ್ನು ತಟ್ಟಿದರು.

ನಂಜುಂಡ ಏಣಿಯನ್ನು ಕಂಬಕ್ಕೆ ಒರಗಿಸಿ, ಅಲುಗಾಡಿಸಿ ನೋಡಿ, ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ.

"ಮೂರನೇ ತೂತು ನಿಮ್ದು ಸಾರ್" ಎಂದ. "ನಾಲ್ಕನೇದು ನಂದು."