ಮಾರ್ತಾಂಡರಾಯರ ಸ್ವಿಸ್ ಭಾಷಣ

ಬುಧವಾರ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಮಾರ್ತಾಂಡರಾಯರು ಧಾರವಾಡ ಬಿಟ್ಟು ಪುಣೆಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಈ ಇಪ್ಪತ್ತು ವರ್ಷದಲ್ಲಿ ಅವರು ಮಾಡಿದ ಮಹಾ ಪ್ರವಾಸವೆಂದರೆ ಊರ ಅಂಚಿನ ಖಡಕಿಯದು, ಅದೂ ಅಲ್ಲಿಯ ಒಬ್ಬ ಸಾಹೇಬರ ಗೋಡೆ ಗಡಿಯಾರ ನಿಂತಿತೆಂದು. ಆದರೆ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಪ್ರಾಂತದ ಮಾತು ತೆಗೆಯಿರಿ, ಅವರ ಬಾಯಿ ಮುಚ್ಚಿಸಲು ದೇವರೇ ಬರಬೇಕು. ಗಡಿಯಾರದ ಕ್ಯಾಟಲಾಗು, ಸಾಹೇಬರು ಓದಿ ಬಿಸಾಕಿದ ಮಾಸಪತ್ರಿಕೆ, ಇವೇ ಅವರ ವಿದ್ಯಾಪೀಠ. "ಬಾವ್ಯಾಗಿನ ಕಪ್ಪಿ ಸಮುದ್ರದ ಮ್ಯಾಲ ಭಾಷಣಾ ಮಾಡಿಧಂಗ ನಂದು," ಎಂದು ತಮ್ಮನ್ನು ತಾವೇ ಚೇಷ್ಟೆ ಮಾಡಿಕೊಂಡು ಮತ್ತೆ ಭಾಷಣಕ್ಕೇ ಇಳಿಯುತ್ತಿದ್ದರು.

ಸಾವಿರದ ಒಂಬೈನೂರ ಮೂವತ್ತನಾಲ್ಕರ ಗಣಪತಿ ಹಬ್ಬಕ್ಕೆ ಪೇಟೆಯ ಕನ್ನಡ ಸಂಘದವರು ಒಂದು ಸಂಜೆಯ ಭಾಷಣ ಅವರಿಗೇ ಕೊಟ್ಟರು. ರಾಯರು ಇದರಲ್ಲಿ ಸ್ವಾಮಿಕಾರ್ಯದ ಜೊತೆ ಸ್ವಕಾರ್ಯವನ್ನೂ ಕಂಡರು. ಮಗಳು ಗೋದಾಗೆ ಹದಿನಾಲ್ಕು ತುಂಬಿತ್ತು. ಬೆಳಗಾವಿಯ ವಕೀಲ ಬಾಳಕೃಷ್ಣರಾಯರು ತಮ್ಮ ಮಗನಿಗೆಂದು ಅವಳನ್ನು ನೋಡಿ ಹೋಗಿದ್ದರು. ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ. ಭಾವೀ ಬೀಗರನ್ನು ಅಧ್ಯಕ್ಷಸ್ಥಾನದಲ್ಲಿ ಕೂಡಿಸಿ ಕೊರಳಿಗೊಂದು ಹಾರ ಹಾಕಿದರೆ ಮನಸ್ಸು ಕರಗೀತು ಎಂಬ ಲೆಕ್ಕ ರಾಯರದು. ಗೋದಾಳನ್ನು ಐದನೆಯ ಇಯತ್ತೆಗೇ ಶಾಲೆ ಬಿಡಿಸಿ ಎರಡು ವರ್ಷವಾಗಿತ್ತು. ಬಿಡಿಸಿದಾಗ ಅವಳು ಎರಡು ದಿನ ಉಂಡಿರಲಿಲ್ಲ. ರಾಯರು ಅದನ್ನು ಮರೆತಿರಲಿಲ್ಲ, ನೆನೆಯುತ್ತಲೂ ಇರಲಿಲ್ಲ. ಈಗ ರಿಪೇರಿಗೆ ಬಂದ ಗಡಿಯಾರಗಳಿಗೆ ಕಟ್ಟುವ ಚೀಟಿಗಳ ಮೇಲೆ ಹೆಸರು ಬರೆಯುವುದಷ್ಟೇ ಅವಳ ವಿದ್ಯಾಭ್ಯಾಸ.

ಭಾಷಣವೇನೋ ರಂಗೇರಿತು. "ಚಳಿಗಾಲಕ್ಕ ಅಲ್ಲೆ ಆಳೆತ್ತರ ಹಿಮಾ ಬೀಳತದ್ರಿ. ಹೊಲದಾಗ ಕೆಲಸಿಲ್ಲ. ಒಕ್ಕಲುಮಂದಿ ಒಲಿ ಮುಂದ ಕೂತು ಗಡಿಯಾರದ ಗಾಲಿ ಮಾಡಲಿಕ್ಕೆ ಕಲತ್ರು. ಈಗ ನೋಡ್ರಿ, ಗಡಿಯಾರದ ಕೆಲಸಾ ಕಲಿಸೂ ಒಂದು ಸಾಲಿ ಅದ, ವಾಚನಾಲಯ ಅದ, ಸಂಜೀಕ ಕೆಲಸಗಾರರ ಹಾಡಿನ ಮೇಳ ಇರತದ. ಹುಡುಗ್ಯಾರೂ ಕಲತು ಕೂದಲೆಳಿಯಂಥಾ ಸ್ಪ್ರಿಂಗು ಕೂಡಸತಾರ್ರಿ." ಜನ ಚಪ್ಪಾಳೆ ತಟ್ಟಿದರು. ಆ ಅಮಲಿನಲ್ಲಿ, ಬರೆದುಕೊಂಡು ಬರದಿದ್ದ ಒಂದು ಮಾತೂ ಹೊರಬಿತ್ತು: "ಹೆಣ್ಣಿಗೆ ವಿದ್ಯಾ ಕೊಡಲಾರದ ದೇಶ ನಿಂತ ಗಡಿಯಾರ ಇದ್ಧಂಗ."

ಭಾಷಣ ಮುಗಿದ ಮೇಲೆ ಕೇಳಿದವರು ಚೀಟಿಯಲ್ಲಿ ಪ್ರಶ್ನೆ ಬರೆದು ಕಳಿಸುವುದು, ಅಧ್ಯಕ್ಷರು ಅದನ್ನು ಗಟ್ಟಿಯಾಗಿ ಓದುವುದು ಸಂಘದ ಪದ್ಧತಿ. ಹೆಂಗಸರ ಕಡೆಯಿಂದ ಒಂದು ಚೀಟಿ ಬಂತು. ತೂತಿಗೆ ದಾರ ಪೋಣಿಸಿದ್ದ ಆ ಚೀಟಿ ತಮ್ಮ ಅಂಗಡಿಯದೇ ಎಂದು ರಾಯರಿಗೆ ದೂರದಿಂದಲೇ ಗುರುತು ಸಿಕ್ಕಿತು. ಅಧ್ಯಕ್ಷಸ್ಥಾನದಲ್ಲಿದ್ದ ಬಾಳಕೃಷ್ಣರಾಯರು ಓದಿದರು: "ಆ ಪ್ರಾಂತದಲ್ಲಿ ಹುಡುಗಿಯರು ಯಾವ ವಯಸ್ಸಿನವರೆಗೆ ಕಲಿಯುತ್ತಾರೆ? ಭಾಷಣಕಾರರು ತಮ್ಮ ಮಗಳನ್ನು ಐದನೆಯ ಇಯತ್ತೆಗೇ ಏಕೆ ಬಿಡಿಸಿದರು?"

ಈ ಇಕ್ಕಟ್ಟಿನಿಂದ ರಾಯರನ್ನು ಕೈ ಹಿಡಿದು ಮೇಲೆತ್ತಿದವರು ವಕೀಲರೇ. "ಇದಕ್ಕ ನಾನ ಉತ್ತರಾ ಕೊಡತೀನ್ರಿ," ಎಂದು ನಗುತ್ತ ಎದ್ದರು. "ಅಲ್ಲೀದು ಅಲ್ಲಿಗೆ, ಇಲ್ಲೀದು ಇಲ್ಲಿಗೆ. ಸಭಾದಾಗ ಹೇಳೂದು ಹೇಳಿ, ಮಗಳನ್ನ ಮಾತ್ರ ಅಡಗಿಮನ್ಯಾಗ ಇಟ್ಟಾರಲ್ಲ, ಅದಕ್ಕ ಶಾಣ್ಯಾತನ ಅಂತಾರ. ಇಂಥಾ ಮನೀ ಹೆಣ್ಣ ನಮಗ ಬೇಕಾಗಿತ್ತು. ಸಂಬಂಧ ಪಕ್ಕಾ ಅಂತ ತಿಳೀರಿ."

ಈ ಸಲದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು. ಬಯಸಿದ ಸಂಬಂಧ ತಾನಾಗಿ ಕೂಡಿ ಬಂದಿತ್ತು, ರಾಯರು ಕೈ ಮುಗಿದು ಕೂತಿದ್ದರೆ ಸಾಕಿತ್ತು. ಆದರೆ ಹೊಗಳಿಸಿಕೊಂಡು ಇಷ್ಟು ನಾಚಿಕೆಯಾದದ್ದು ಅವರಿಗೆ ಅದೇ ಮೊದಲು. ಪುರಾಣ ಹೇಳಿ ಬದನೆಕಾಯಿ ತಿನ್ನುವ ಶಾಸ್ತ್ರಿಗಳನ್ನು ಕಂಡು ಎಷ್ಟು ನಕ್ಕಿದ್ದರೋ, ಈಗ ಆ ಶಾಸ್ತ್ರಿ ತಾವೇ ಆಗಿ ನಿಂತಿದ್ದರು.

"ಅಲ್ಲೆ ಹದಿನಾರರ ತನಕಾನೂ ಕಲೀತಾರ್ರಿ," ಎಂದರು. "ನನ್ನ ಮಗಳನ್ನ ಬಿಡಿಸಿದಾಂವ ನಾನ. ನಾಕು ಮಂದಿ ಏನಂದಾರು ಅಂತ ಅಂಜಿ ಬಿಡಿಸಿದೆ. ಸೋಮವಾರ ಆಕಿ ಸಾಲಿಗೆ ಹೋಗತಾಳ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಾಳಕೃಷ್ಣರಾಯರು ಹಾರ ತೆಗೆದು ಮೇಜಿನ ಮೇಲಿಟ್ಟು, "ನಮ್ಮ ಗಾಡೀ ಹೊತ್ತಾತು," ಎಂದು ಹೊರಟೇಬಿಟ್ಟರು.

"ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ನಿಮ್ಮ ನಾಲಿಗಿ ಸಲುವಾಗಿ," ಎಂದು ಹೆಂಡತಿ ರಂಗೂಬಾಯಿ ಮೂರು ದಿನ ಮಾತು ಬಿಟ್ಟರು. ನಾಲಿಗೆಯ ವಿಷಯದಲ್ಲಿ ರಾಯರಿಗೂ ಬೇರೆ ಅಭಿಪ್ರಾಯವಿರಲಿಲ್ಲ.

ಸೋಮವಾರ ರುಮಾಲು ಸುತ್ತಿಕೊಂಡು ಗೋದಾಳನ್ನು ಹೆಣ್ಣುಮಕ್ಕಳ ಹೈಸ್ಕೂಲಿಗೆ ಕರೆದೊಯ್ದರು. ದಾರಿಯುದ್ದಕ್ಕೂ, ಹೆಡ್‌ಮಾಸ್ತರಬಾಯಿಗೆ ನ್ಯೂಶಾಟೆಲ್ಲಿನ ಶಾಲೆಗಳ ಬಗ್ಗೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಮರಾಠಿಯಲ್ಲಿ ಜೋಡಿಸುತ್ತಿದ್ದರು. ಮಾಸ್ತರಬಾಯಿ ಹಳೆಯ ದಾಖಲೆ ನೋಡಿ, ನಡುವಿನ ಎರಡು ವರ್ಷ ಏನಾಯಿತು ಎಂದು ಕೇಳಿದರು. ರಾಯರು ಬಾಯಿ ತೆರೆದರು.

ಅಷ್ಟರಲ್ಲಿ ಗೋದಾ ಮರಾಠಿಯಲ್ಲಿ ಹೇಳಿಬಿಟ್ಟಳು: ತನಗೆ ಮೈಯಲ್ಲಿ ಆರಾಮ ಇರಲಿಲ್ಲ, ಶಾಲೆಗೆ ಹೋಗು ಎಂದು ಅಪ್ಪ ದಿನಾ ಹೇಳುತ್ತಿದ್ದರು, ತಾನೇ ಬರಲಿಲ್ಲ.

ಮಾರ್ತಾಂಡರಾಯರು ತೆರೆದ ಬಾಯಿ ಮುಚ್ಚಿದರು. ತಲೆ ತಗ್ಗಿಸಿ, ಮಾಸ್ತರಬಾಯಿ ತೋರಿಸಿದ ಕಡೆ ಸಹಿ ಮಾಡಿದರು.