ಖಾಲಿ ನೀರಿನ ಟ್ಯೂಬೂ ನೀಲಿಯಾದ ದಿನ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬೆಂಗಳೂರಿನ ಜಯನಗರದ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್. ಶ್ವಾಸಕೋಶದ ಸುತ್ತ ನೀರು ತುಂಬಿದವರ ಎದೆಯಿಂದ ಡಾಕ್ಟರು ಸೂಜಿ ಹಾಕಿ ತೆಗೆದ ನೀರು ನನ್ನ ಮೇಜಿಗೆ ಬರುತ್ತಿತ್ತು. ಕಾರಣ ಹೃದಯವೋ, ಕ್ಯಾನ್ಸರೋ, ಟಿಬಿಯೋ ಎಂದು ಹುಡುಕಲು ಅದರ ಪ್ರೋಟೀನು ಅಳೆಯುತ್ತಿದ್ದೆ. ಟಿಬಿಯ ಅನುಮಾನವಿದ್ದರೆ ಎಡಿಎ ಎಂಬ ಕಿಣ್ವವನ್ನೂ. ಎಡಿಎ ಹೆಚ್ಚಿದ್ದಷ್ಟೂ ಟ್ಯೂಬು ಗಾಢ ನೀಲಿ. ನನ್ನ ರಿಪೋರ್ಟನ್ನು ಯಾರೂ ಎಂದೂ ಪ್ರಶ್ನಿಸುತ್ತಿರಲಿಲ್ಲ. ಜಂಬ ಅಂತಲೇ ಅನ್ನಿ, ನನಗೇನು!

ಒಂದು ಶನಿವಾರ, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದ ಧಾರವಾಡ ಕಡೆಯ ಯುವಕನ ನೀರು ಬಂತು. ವಿಪರೀತ ಸಿಗರೇಟು ಸೇದುವವನು. ಡಾಕ್ಟರಿಗೆ ಟಿಬಿಯ ಅನುಮಾನ, ಕ್ಯಾನ್ಸರಿನ ಭಯ. ಅವನ ತುಂಬು ಬಸುರಿ ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

"ಅಕ್ಕಾರ, ಟಿಬಿ ಅಂತ ಬಂದ್ರ ಸಾಕ್ರಿ. ಅದಕ್ಕರ ಗುಳಿಗಿ ಅದಾವ" ಎಂದಳು.

ಅವನ ಟ್ಯೂಬು ನೀಲಿಗಟ್ಟಿತು. ಓಡಿಹೋಗಿ ಹೇಳಿಬಿಡಬೇಕು ಅನ್ನುವಷ್ಟರಲ್ಲಿ ಪಕ್ಕದ ಟ್ಯೂಬು ಕಣ್ಣಿಗೆ ಬಿತ್ತು. ಹೋಲಿಸಿ ನೋಡಲೆಂದು ಅದರಲ್ಲಿ ಬರೀ ಶುದ್ಧ ನೀರು ಹಾಕಿದ್ದೆ. ಅದೂ ನೀಲಿ! ಆಗ ಮೂಗಿಗೆ ಘಾಟು ಬಡಿಯಿತು. ಕೆಳಗಿನ ಅಂಗಡಿಯಲ್ಲಿ ಮನೆ ಪ್ಲಾನುಗಳನ್ನು ಅಮೋನಿಯಾ ಆವಿಯಲ್ಲಿ ಪ್ರಿಂಟು ಹಾಕುತ್ತಿದ್ದರು, ಈ ಪರೀಕ್ಷೆ ಅಳೆಯುವುದೂ ಎಡಿಎ ಹುಟ್ಟಿಸುವ ಅಮೋನಿಯಾವನ್ನೇ. ಸೆಕೆ ಎಂದು ಕಿಟಕಿ ತೆಗೆದವಳು ನಾನೇ. ಥೂ, ನನ್ನ ಬುದ್ಧಿಗಿಷ್ಟು!

ಡಾಕ್ಟರು ಫೋನು ಮಾಡಿದರು. ಟ್ಯೂಬು ನೀಲಿಯಾಗಿದೆ, ಆದರೆ ನನಗೆ ಅನುಮಾನ ಎಂದೆ. "ಜಾಸ್ತಿ ಬಂದಿದೆ ತಾನೇ? ಬರ್ದು ಕೊಡಮ್ಮ, ಪಾಪ ಆ ಹುಡುಗಿ ಕಾಯ್ತಿದೆ."

"ಬರೆಯಲ್ಲ ಸಾರ್. ಇದು ಅವರ ಎದೆಯ ನೀಲಿನೋ ಕೆಳಗಿನ ಅಂಗಡಿದೋ ನಂಗೆ ಗೊತ್ತಿಲ್ಲ. ನಾಳೆ ಕೊಡ್ತೀನಿ."

ಅವಳಿಗೂ ನಾಳೆ ಎಂದೆ. ಅವಳು ಬೆಂಚು ಹಿಡಿದುಕೊಂಡು ಎದ್ದುಹೋದಳು.

ಭಾನುವಾರ ಅಂಗಡಿಗೆ ರಜ, ನನಗೂ ರಜ. ಆದರೂ ಬೆಳಿಗ್ಗೆಯೇ ಹೋಗಿ ಕಿಟಕಿ ಮುಚ್ಚಿ, ಫ್ರಿಜ್ಜಿನಲ್ಲಿಟ್ಟಿದ್ದ ಉಳಿದ ನೀರಿನಲ್ಲಿ ಎರಡು ಸಲ ಪರೀಕ್ಷೆ ಮಾಡಿದೆ. ಎರಡು ಸಲವೂ ಖಾಲಿ ನೀರು ತಿಳಿಯಾಗಿಯೇ ಇತ್ತು. ಅವನದು ಗಾಢ ನೀಲಿ. ಮಿಕ್ಕ ಪರೀಕ್ಷೆಗಳನ್ನೂ ಸೇರಿಸಿ ನೋಡಿ ಡಾಕ್ಟರು ಟಿಬಿಯೇ ಎಂದರು. ಟಿಬಿ ಎಂದು ಕೇಳಿ ಖುಷಿಯಿಂದ ಅತ್ತವರನ್ನು ನಾನು ಅವತ್ತೇ ಕಂಡದ್ದು.

ಕೆಲವು ವರ್ಷ ಕಳೆದ ಮೇಲೆ ಆ ಯುವಕನೇ ಲ್ಯಾಬಿಗೆ ಬಂದ, ಹೆಗಲ ಮೇಲೆ ಮಗಳು, ಕೈಯಲ್ಲಿ ಕಾಗದದ ಸುರುಳಿ. "ಮೇಡಂ, ಚಿಕ್ಕಲಸಂದ್ರದಾಗ ಮನಿ ಕಟ್ಟಾಕತ್ತೀನ್ರಿ. ಪ್ಲಾನ್ ಈಗಷ್ಟ ಕೆಳಗ ಪ್ರಿಂಟ್ ಹಾಕಿಸಿದೆ."

"ಅಯ್ಯೋ, ಆ ಘಾಟು ಒಳಗ್ ತರ್ಬೇಡ್ರೀ! ಕೆಳಗೇ ಇಟ್ ಬನ್ನಿ!" ಎಂದು ರೇಗಿಬಿಟ್ಟೆ.

ನಗುತ್ತಾ ಇಳಿದುಹೋದ. ಸುರುಳಿ ಕೆಳಗಿಟ್ಟು, ಮಗಳನ್ನು ಹೊತ್ತುಕೊಂಡೇ ಎರಡೆರಡು ಮೆಟ್ಟಿಲು ಹಾರಿ ಹತ್ತಿ ಬಂದ. ಸ್ವಲ್ಪವೂ ಏದುಸಿರು ಬಿಡಲಿಲ್ಲ.